ಐತಿಹಾಸಿಕ ಕನ್ನಡ ಚಲನಚಿತ್ರಗಳ ಪುನರುಜ್ಜೀವನ ಮತ್ತು ಸಾರ್ವಜನಿಕ ಪ್ರದರ್ಶನ

ಪೀಠಿಕೆ

ಕಿತ್ತೂರಿನ ರಾಣಿ ಚೆನ್ನಮ್ಮ 1824ರಲ್ಲಿ ಬ್ರಿಟಿಷರ ವಿರುದ್ಧ ನಡೆಸಿದ ಹೋರಾಟವನ್ನು ಆಧರಿಸಿದ ‘ಕಿತ್ತೂರು ಚೆನ್ನಮ್ಮ’ ಚಲನಚಿತ್ರವು 1961ರಲ್ಲಿ ತೆರೆಕಂಡಿತು. ಶ್ರೀ ಬಿ.ಆರ್. ಪಂತುಲು ಅವರ ನಿರ್ದೇಶನದ ಈ ಚಿತ್ರದಲ್ಲಿ ಶ್ರೀಮತಿ ಬಿ. ಸರೋಜಾದೇವಿಯವರು ಚೆನ್ನಮ್ಮನಾಗಿ, ಡಾ. ರಾಜ್‌ಕುಮಾರ್ ಅವರು ಮಲ್ಲಸರ್ಜನಾಗಿ ಅಭಿನಯಿಸಿದ್ದಾರೆ. ಹಾವೇರಿ ಜಿಲ್ಲೆಯ ತಡಸದಂತಹ ಗ್ರಾಮಗಳ ಶಾಲೆಗಳು ಹಾಗೂ ಯುವಕ ಮಂಡಳಗಳು ಇಂತಹ ಚಿತ್ರಗಳನ್ನು ಪ್ರದರ್ಶಿಸಲು ಬಯಸಿದಲ್ಲಿ, ಪ್ರದರ್ಶನದ ಹಕ್ಕು ಮತ್ತು ಪ್ರದರ್ಶನಯೋಗ್ಯ ಪ್ರತಿ ಇವೆರಡನ್ನೂ ಮುಂಚಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು.

ಕೃತಿಸ್ವಾಮ್ಯದ ಅವಧಿ

1957ರ ಕೃತಿಸ್ವಾಮ್ಯ ಅಧಿನಿಯಮದ ಮೇರೆಗೆ, ಚಲನಚಿತ್ರದ ಕೃತಿಸ್ವಾಮ್ಯವು ಅದು ಪ್ರಕಟವಾದ ವರ್ಷದ ಮುಂದಿನ ಕ್ಯಾಲೆಂಡರ್ ವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಅದರಂತೆ 1961ರ ಚಿತ್ರಗಳ ಅವಧಿಯು 2021ರ ಅಂತ್ಯಕ್ಕೆ ಮುಗಿದಿರುತ್ತದೆ. ಆದರೆ ಚಿತ್ರದ ಕಥೆ, ಗೀತೆ ಮತ್ತು ಸಂಗೀತದ ಹಕ್ಕುಗಳು ಪ್ರತ್ಯೇಕವಾಗಿದ್ದು, ಅವುಗಳ ಅವಧಿಯನ್ನು ಬೇರೆಯಾಗಿಯೇ ಪರಿಶೀಲಿಸಬೇಕು.

ಪ್ರತಿ ಉಳಿಯುವುದರ ಮಹತ್ವ

ಹಕ್ಕಿನ ಅವಧಿ ಮುಗಿಯುವಷ್ಟರಲ್ಲಿ ರೀಲು ಕೂಡ ಶಿಥಿಲವಾಗಿರುವ ಸಂಭವವುಂಟು. ಅಸಿಟೇಟ್ ಫಿಲ್ಮು ಶಾಖ ಮತ್ತು ತೇವದಿಂದ ವಿಘಟನೆಗೊಂಡು ವಿನೆಗರಿನ ವಾಸನೆ ಬೀರುತ್ತದೆ. ಕ್ರಮೇಣ ಕುಗ್ಗಿ, ಸುರುಟಿಕೊಳ್ಳುತ್ತದೆ. ಈ ಕ್ರಿಯೆಯನ್ನು ತಂಪಾದ, ಒಣ ಸ್ಥಳದಲ್ಲಿಟ್ಟು ನಿಧಾನಗೊಳಿಸಬಹುದೇ ಹೊರತು ಹಿಂದಿರುಗಿಸಲಾಗದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಚಿತ್ರದ ಯಾವ ಪ್ರತಿಯೂ ಇಂದು ಉಳಿದಿಲ್ಲ.

ಪುನರುಜ್ಜೀವನದ ವಿಧಾನ

ಮಲೆನಾಡಿನ ಅಗ್ರಹಾರದ ಹಿಂದಿನ ಕಾಲದ ಬದುಕನ್ನು ಚಿತ್ರಿಸುವ ‘ಘಟಶ್ರಾದ್ಧ’ (1977) ಇದಕ್ಕೆ ಉತ್ತಮ ನಿದರ್ಶನ. ಡಾ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಶ್ರೀ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ, ಸ್ವರ್ಣಕಮಲ ಪುರಸ್ಕೃತ ಈ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸಂಸ್ಥೆಗಳು ಪುನರುಜ್ಜೀವನಗೊಳಿಸಿದವು. 2024ರಲ್ಲಿ ಇದು ವೆನಿಸ್ ಚಲನಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶಿತವಾಯಿತು.

ಸಾಮಾನ್ಯವಾಗಿ ಈ ಕಾರ್ಯದಲ್ಲಿ ಮೂಲ ನೆಗೆಟಿವನ್ನು ಶುಚಿಗೊಳಿಸಿ, ಹರಿದ ಭಾಗಗಳನ್ನು ಜೋಡಿಸಿ, ಪ್ರತಿ ಚೌಕಟ್ಟನ್ನೂ ಸ್ಕ್ಯಾನ್ ಮಾಡಲಾಗುತ್ತದೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಎರಡು ಗಂಟೆಯ ಚಿತ್ರದಲ್ಲಿ 1,72,800 ಚೌಕಟ್ಟುಗಳಿರುತ್ತವೆ. ಬಳಿಕ ಗೀರು, ಕಲೆಗಳನ್ನು ನಿವಾರಿಸಿ, ಧ್ವನಿಯನ್ನು ಸರಿಪಡಿಸಲಾಗುತ್ತದೆ.

ಪ್ರದರ್ಶನ ಏರ್ಪಡಿಸುವವರು ಗಮನಿಸಬೇಕಾದ ಅಂಶಗಳು

1. ಚಿತ್ರಕ್ಕೆ 1952ರ ಚಲನಚಿತ್ರ ಅಧಿನಿಯಮದ ಮೇರೆಗೆ ಪ್ರಮಾಣಪತ್ರ ಇರತಕ್ಕದ್ದು. 2023ರ ತಿದ್ದುಪಡಿಯು ಪ್ರಮಾಣಪತ್ರಕ್ಕೆ ಶಾಶ್ವತ ಸಿಂಧುತ್ವ ನೀಡಿದೆ.
2. ಕೃತಿಸ್ವಾಮ್ಯ ಜಾರಿಯಲ್ಲಿದ್ದಲ್ಲಿ ಹಕ್ಕುದಾರರ ಲಿಖಿತ ಅನುಮತಿ ಪಡೆಯತಕ್ಕದ್ದು. ‘ಘಟಶ್ರಾದ್ಧ’ ಚಿತ್ರಕ್ಕೆ ಇದು ಅನ್ವಯಿಸುತ್ತದೆ.
3. ಶಿಕ್ಷಣ ಸಂಸ್ಥೆಯು ತನ್ನ ಚಟುವಟಿಕೆಗಳ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಹಾಗೂ ಸಂಸ್ಥೆಗೆ ಸಂಬಂಧಿಸಿದವರಿಗಷ್ಟೇ ಚಿತ್ರ ತೋರಿಸಿದಲ್ಲಿ ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ.
4. ಸ್ಥಳದ ಪರವಾನಗಿಗಾಗಿ 1964ರ ಕರ್ನಾಟಕ ಸಿನಿಮಾ (ನಿಯಂತ್ರಣ) ಅಧಿನಿಯಮದ ಮೇರೆಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸತಕ್ಕದ್ದು.
5. ಪುನರುಜ್ಜೀವನಗೊಂಡ ಪ್ರತಿಯನ್ನು ಅದನ್ನು ಹೊಂದಿರುವ ಸಂಸ್ಥೆಯ ಒಪ್ಪಿಗೆಯಿಂದಲೇ ಪಡೆಯತಕ್ಕದ್ದು.

ಹಳೆಯ ರೀಲುಗಳನ್ನು ಹೊಂದಿರುವವರ ಗಮನಕ್ಕೆ

ಮುಚ್ಚಿದ ಚಿತ್ರಮಂದಿರ, ಪ್ರವಾಸಿ ಟಾಕೀಸು ಅಥವಾ ಹಂಚಿಕೆದಾರರ ಗೋದಾಮುಗಳಲ್ಲಿ ರೀಲುಗಳು ದೊರೆತಲ್ಲಿ ಅವನ್ನು ಗುಜರಿಗೆ ಹಾಕಬಾರದು; ಪ್ರೊಜೆಕ್ಟರಿನಲ್ಲಿ ಓಡಿಸಿ ನೋಡಲೂಬಾರದು. ಡಬ್ಬಿಯ ಮೇಲಿನ ಬರಹವನ್ನು ಅಳಿಸದೆ, ಪುಣೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸುವುದು ಸೂಕ್ತ. ಒಂದು ಚಿತ್ರದ ಉಳಿದಿರುವ ಏಕೈಕ ಪ್ರತಿ ಅದೇ ಆಗಿರಬಹುದು.