ಅಜ್ಜನ ಡಬ್ಬಿಯ ನಾಣ್ಯಗಳು: ಜೋಪಾನ ಮಾಡುವುದೇ, ದರ್ಜೆ ಮಾಡಿಸುವುದೇ?



ಗಡಿನಾಡಿನ ಹಳೆಯ ಮನೆಗಳಲ್ಲಿ ಟ್ರಂಕಿನ ತಳದಲ್ಲೋ ದೇವರ ಪೆಟ್ಟಿಗೆಯಲ್ಲೋ ಒಂದು ನಾಣ್ಯದ ಡಬ್ಬಿ ಇರುವುದುಂಟು. ಹಿರಿಯರು ತೀರಿಕೊಂಡು ಆಸ್ತಿ ಭಾಗವಾಗುವ ಹೊತ್ತಿಗೆ ಅದು ಹೊರಬರುತ್ತದೆ. ಒಬ್ಬರು ‘ಅಕ್ಕಸಾಲಿಗರಿಗೆ ಕೊಟ್ಟು ತೂಕಕ್ಕೆ ದುಡ್ಡು ತೆಗೆದುಕೊಳ್ಳೋಣ’ ಅನ್ನುತ್ತಾರೆ. ಇನ್ನೊಬ್ಬರು ‘ಲಕ್ಷಗಟ್ಟಲೆ ಬರುತ್ತದಂತೆ, ಅಮೆರಿಕಕ್ಕೆ ಕಳಿಸಿ ಸರ್ಟಿಫಿಕೇಟ್ ಮಾಡಿಸೋಣ’ ಅನ್ನುತ್ತಾರೆ. ಎರಡೂ ಅವಸರದ ಮಾತು. ಕರಗಿಸಿದ ನಾಣ್ಯ ಮರಳಿ ಬಾರದು. ಸಾಧಾರಣ ನಾಣ್ಯಕ್ಕೆ ಮಾಡಿದ ದರ್ಜೆಯ ಖರ್ಚೂ ಮರಳಿ ಬಾರದು. ತೀರ್ಮಾನಕ್ಕೆ ಮುನ್ನ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಮೊದಲು ಪಟ್ಟಿ

ಮನೆಯವರೆಲ್ಲರ ಎದುರಿಗೆ ಡಬ್ಬಿ ಬಿಚ್ಚಿ. ಪ್ರತಿ ನಾಣ್ಯಕ್ಕೂ ಒಂದು ಸಂಖ್ಯೆ ಕೊಟ್ಟು ಎರಡೂ ಬದಿಯ ಫೋಟೋ, ಇಸವಿ, ಲೋಹ, ಗ್ರಾಂ ತೂಕ ಬರೆದಿಡಿ. ಅಜ್ಜ ಇಟ್ಟ ಚೀಟಿ, ಗಂಟು ಕಟ್ಟಿದ ಬಟ್ಟೆ, ‘ಇದು ಇಂಥ ಜಾತ್ರೆಯಲ್ಲಿ ಸಿಕ್ಕಿದ್ದು’ ಎಂಬ ಮಾತು ಯಾವುದನ್ನೂ ಬಿಡಬೇಡಿ. ಪಟ್ಟಿಯ ಪ್ರತಿ ಅಣ್ಣತಮ್ಮ, ಅಕ್ಕತಂಗಿಯರೆಲ್ಲರ ಕೈಯಲ್ಲಿರಲಿ. ಮುಂದೆ ಬರುವ ಮನಸ್ತಾಪ ಅರ್ಧ ಇಲ್ಲಿಯೇ ನಿಲ್ಲುತ್ತದೆ.

ಡಬ್ಬಿಯಲ್ಲಿ ಏನಿರಬಹುದು?

ನಮ್ಮ ಊರುಗಳು ಬೇರೆ ಬೇರೆ ಆಡಳಿತಗಳನ್ನು ಕಂಡವು. ಹಾಗಾಗಿ ಒಂದೇ ಡಬ್ಬಿಯಲ್ಲಿ ಹಲವು ರಾಜ್ಯಗಳ ಹಣ ಕೂಡಿರುತ್ತದೆ. ತೆಲಂಗಾಣದ ಕಡೆ ಚಾರ್‌ಮಿನಾರ್ ಚಿತ್ರದ ನಿಜಾಮರ ಹಾಲಿ ಸಿಕ್ಕಾ ರೂಪಾಯಿ. ಅದರ ಇಸವಿ ಹಿಜರಿ ಲೆಕ್ಕದ್ದು. ಗೋವಾದಲ್ಲಿ ಪೋರ್ಚುಗೀಸರ ರುಪಿಯಾ, ಕೊನೆಯ ವರ್ಷಗಳ ಎಸ್ಕುಡೊ. ಮೈಸೂರು ಸೀಮೆಗೆ ತಾಗಿದ ಕಡೆ ಟಿಪ್ಪುವಿನ ಆನೆಯ ತಾಮ್ರದ ನಾಣ್ಯ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಮಯಿಲಿ ಕಾಸು’ ಎಂಬ ಕನ್ನಡ ಬರಹದ ಕಾಸು. ಅದೃಷ್ಟವಿದ್ದರೆ ಸುಮಾರು ಮೂರೂವರೆ ಗ್ರಾಂ ತೂಗುವ ವಿಜಯನಗರದ ಚಿನ್ನದ ವರಹ. ಎಲ್ಲೆಡೆಯೂ ಸಿಗುವುದು ಬ್ರಿಟಿಷ್ ಇಂಡಿಯಾದ ರೂಪಾಯಿ, ಆಣೆ, ಪೈಗಳು.

ಕನಿಷ್ಠ ಬೆಲೆಯ ಲೆಕ್ಕ

1835ರಿಂದ 1939ರವರೆಗಿನ ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗುತ್ತದೆ. ಬೆಳ್ಳಿಯ ಶುದ್ಧತೆ ಶೇ. 91.7. ಅಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು, ಸುಮಾರು 5.8 ಗ್ರಾಂ. 1947ರ ರೂಪಾಯಿ ನಿಕ್ಕಲಿನದು, ಅದರಲ್ಲಿ ಬೆಳ್ಳಿ ಇಲ್ಲ. ಆ ದಿನದ ಬೆಳ್ಳಿ ದರದಿಂದ ಗುಣಿಸಿದರೆ ಸಿಗುವುದು ಲೋಹದ ಬೆಲೆ. ಬೆಳ್ಳಿ ನಾಣ್ಯವನ್ನು ಅದಕ್ಕಿಂತ ತೀರಾ ಕಡಿಮೆಗೆ ಯಾರಿಗೂ ಕೊಡಬೇಡಿ.

ಹಳೆಯದೆಲ್ಲ ಅಪರೂಪವಲ್ಲ. 1862ರ ವಿಕ್ಟೋರಿಯಾ ರೂಪಾಯಿ ಇಂದಿಗೂ ಧಾರಾಳವಾಗಿ ಸಿಗುತ್ತದೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ಪದಕಮಾಲೆಯ ಆನೆ ಹಂದಿಯಂತೆ ಕಾಣುತ್ತದೆಂಬ ಆಕ್ಷೇಪ ಎದ್ದು, ಬಹುಪಾಲು ನಾಣ್ಯಗಳನ್ನು ಕರಗಿಸಲಾಯಿತು. ಅದಕ್ಕೇ ‘ಹಂದಿ ರೂಪಾಯಿ’ಗೆ ಬೇಡಿಕೆ. 1939ರ ರೂಪಾಯಿ ಇನ್ನೂ ಅಪರೂಪ. ಇಸವಿ ತಿದ್ದಿದ ನಕಲಿಗಳೂ ಅದಕ್ಕೇ ಹೆಚ್ಚು.

ತೊಳೆಯಬೇಡಿ

ಮನೆಯ ಹೆಂಗಸರು, ಗಂಡಸರು ಎಲ್ಲರೂ ಪ್ರೀತಿಯಿಂದಲೇ ಮಾಡುವ ತಪ್ಪು ಇದು. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಮೇಲ್ಮೈ ಸವೆದು ಸಣ್ಣ ಗೀರು ಬೀಳುತ್ತದೆ. ಸಂಗ್ರಾಹಕರು ಆ ಹೊಳಪನ್ನು ದೋಷವೆಂದೇ ಎಣಿಸುತ್ತಾರೆ. ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ.

ಜೋಪಾನ

ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಆಲ್ಬಮ್ ಬೇಡ; ವರ್ಷಗಳು ಕಳೆದಂತೆ ಅದು ನಾಣ್ಯಕ್ಕೆ ಹಸಿರು ಜಿಗುಟು ಹಿಡಿಸುತ್ತದೆ. ಮೈಲಾರ್ ಕಿಟಕಿಯ ರಟ್ಟಿನ ಹೋಲ್ಡರ್ ಅಥವಾ ಪಾಲಿಪ್ರೊಪಿಲೀನ್ ಪೌಚ್ ಒಳ್ಳೆಯದು. ರಬ್ಬರ್ ಬ್ಯಾಂಡ್ ಸುತ್ತಿದರೆ ಬೆಳ್ಳಿ ಕಪ್ಪಾಗುತ್ತದೆ. ಕಾಸರಗೋಡು, ವಯನಾಡು, ನೀಲಗಿರಿಯ ಮಳೆಗಾಲದ ತೇವಕ್ಕೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ.

ಬ್ಯಾಂಕ್ ಲಾಕರ್ ಸುರಕ್ಷಿತ, ಆದರೆ ಪೂರ್ತಿ ಭರವಸೆಯಲ್ಲ. 2022ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳವು, ನೌಕರರ ವಂಚನೆಯಂಥ ಸಂದರ್ಭದಲ್ಲಿ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. ನಾಣ್ಯದ ಬೆಲೆ ಎಷ್ಟಿದ್ದರೂ ಅಷ್ಟೇ.

ದರ್ಜೆ ಎಂದರೇನು?

ಪರಿಣತರು ನಾಣ್ಯ ಅಸಲಿಯೇ ಎಂದು ನೋಡಿ, ಸವೆತವನ್ನು ಅಳೆದು, 1ರಿಂದ 70ರವರೆಗಿನ ಅಂಕ ಕೊಟ್ಟು, ಪ್ಲಾಸ್ಟಿಕ್ ಕೋಶದಲ್ಲಿ ಮುಚ್ಚಿ ಕೊಡುತ್ತಾರೆ. ಈ ಅಳತೆಯನ್ನು 1949ರಲ್ಲಿ ರೂಪಿಸಿದವರು ವಿಲಿಯಂ ಶೆಲ್ಡನ್. ಜಗತ್ತಿನಲ್ಲಿ ಹೆಚ್ಚು ಹೆಸರಿರುವ ಪಿಸಿಜಿಎಸ್ (1986) ಮತ್ತು ಎನ್‌ಜಿಸಿ (1987) ಎರಡೂ ಅಮೆರಿಕದ ಕಂಪನಿಗಳು. ಉಜ್ಜಿದ, ತೂತು ಕೊರೆದು ಸರಕ್ಕೆ ಪೋಣಿಸಿದ ನಾಣ್ಯಕ್ಕೆ ಪೂರ್ಣ ಅಂಕ ಸಿಗದು. ದೋಷವಿದೆ ಎಂದೇ ಚೀಟಿ ಬರುತ್ತದೆ.

ಕಾನೂನು ಮರೆಯಬೇಡಿ

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ವರಹ, ಟಿಪ್ಪುವಿನ ಕಾಸು, ವಿಕ್ಟೋರಿಯಾ ಮತ್ತು ಎಡ್ವರ್ಡ್ ರೂಪಾಯಿ ಎಲ್ಲವೂ ಇದರಲ್ಲಿ ಬಂತು. ‘ನಾವು ಕಳಿಸಿಕೊಡುತ್ತೇವೆ’ ಎನ್ನುವ ಮಧ್ಯವರ್ತಿ ಸಿಕ್ಕರೆ, ಪರೀಕ್ಷೆ ಯಾವ ದೇಶದಲ್ಲಿ ನಡೆಯುತ್ತದೆ ಎಂದು ಬರಹದಲ್ಲೇ ಕೇಳಿ.

ಹಿರಿಯರಿಂದ ಬಂದದ್ದು ಬೇರೆ, ಹೊಲ ಉಳುವಾಗಲೋ ಪಾಯ ತೋಡುವಾಗಲೋ ಸಿಕ್ಕಿದ್ದು ಬೇರೆ. ನೆಲದಲ್ಲಿ ಸಿಕ್ಕ ನಿಧಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ 1878ರ ನಿಧಿ ಕಾಯಿದೆಯಂತೆ ಕಲೆಕ್ಟರರಿಗೆ ತಿಳಿಸಲೇಬೇಕು.

ಯಾವಾಗ ಯಾವುದು?

• ಸವೆದ, ಧಾರಾಳವಾಗಿ ಸಿಗುವ ನಾಣ್ಯ: ದರ್ಜೆ ಬೇಡ. ಶುಲ್ಕ, ಅಂಚೆ, ವಿಮೆ ಸೇರಿ ನಾಣ್ಯದ ಬೆಲೆಯನ್ನೇ ಮೀರಬಹುದು. ಜೋಪಾನ ಮಾಡಿ.
• ಅಪರೂಪವೆಂದು ಅನುಮಾನವಿದ್ದರೆ: ಮೊದಲು ಸ್ಪಷ್ಟ ಫೋಟೋ ಮತ್ತು ತೂಕವನ್ನು ಸಂಬಂಧವಿಲ್ಲದ ಇಬ್ಬರು ಜಾಣಕಾರರಿಗೆ ತೋರಿಸಿ. ನಾಣ್ಯವನ್ನು ಬಿಟ್ಟು ಬರಬೇಡಿ.
• ಅಪರೂಪದ್ದೇ ಹೌದು, ಮಾರುವುದೂ ಖಚಿತ, ಕಾನೂನಿನ ತೊಡಕೂ ಇಲ್ಲ: ಆಗ ದರ್ಜೆ ಉಪಯೋಗಕ್ಕೆ ಬರುತ್ತದೆ. ಕೊಳ್ಳುವವರಿಗೆ ಅಸಲಿ ಎಂಬ ನಂಬಿಕೆ ಹುಟ್ಟುತ್ತದೆ.
• ಮಾರುವ ಮನಸ್ಸೇ ಇಲ್ಲ: ದರ್ಜೆಯ ಅಗತ್ಯವಿಲ್ಲ. ಪಟ್ಟಿ ಮತ್ತು ಒಳ್ಳೆಯ ಡಬ್ಬಿ ಸಾಕು.

ಕರ್ನಾಟಕದ ನಾಣ್ಯಗಳನ್ನು ಗುರುತಿಸಲು ಡಾ. ಎ.ವಿ. ನರಸಿಂಹಮೂರ್ತಿ ಅವರ ಗ್ರಂಥ ನೆರವಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು ಮುಂಬೈಗೆ ಹೋದಾಗ ರಿಸರ್ವ್ ಬ್ಯಾಂಕಿನ ಹಣ ಸಂಗ್ರಹಾಲಯ ನೋಡಿ ಬರಬಹುದು.

ಮೋಸದ ಮಾತು

‘ಅಕ್ಕಿ ಸೆಳೆಯುವ ನಾಣ್ಯ’ಕ್ಕೆ ಕೋಟಿ ಕೊಡುತ್ತೇವೆ ಎನ್ನುವವರು ವಂಚಕರು. ರಾಮ, ಸೀತೆ, ಹನುಮಂತನ ಚಿತ್ರವಿರುವ 1818ರ ‘ಈಸ್ಟ್ ಇಂಡಿಯಾ ಕಂಪನಿ ಅರ್ಧಾಣೆ’ ಕಂಪನಿ ಹೊರಡಿಸಿದ ನಾಣ್ಯವೇ ಅಲ್ಲ. ಹಳೆಯ ನೋಟು, ನಾಣ್ಯ ಕೊಳ್ಳಲು ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಮುಂಗಡ ಶುಲ್ಕ ಕೇಳಿದರೆ ಕೊಡಬೇಡಿ. ತಾನು ಅಂಥ ವ್ಯವಹಾರ ಮಾಡುವುದಿಲ್ಲವೆಂದು ಬ್ಯಾಂಕ್ 2021ರಲ್ಲೇ ಸಾರ್ವಜನಿಕರನ್ನು ಎಚ್ಚರಿಸಿದೆ.

ಕೊನೆಗೊಂದು ಮಾತು. ಹಂದಿ ರೂಪಾಯಿ ಇರದ ಡಬ್ಬಿಯೂ ಬರಿದಲ್ಲ. ನಿಜಾಮರ ಸಿಕ್ಕಾ, ಕಂಪನಿಯ ರೂಪಾಯಿ, ಮೈಸೂರಿನ ಕಾಸು ಒಂದೇ ಗಂಟಿನಲ್ಲಿ ಸಿಕ್ಕರೆ, ನಮ್ಮ ಹಿರಿಯರು ಯಾವ ಸಂತೆಗೆ ಹೋದರು, ಯಾರ ಜೊತೆ ವ್ಯಾಪಾರ ಮಾಡಿದರು ಎಂಬುದರ ಸುಳಿವು ಅದು. ಹಂಚಿಕೊಳ್ಳಲೇಬೇಕಾದರೂ ಫೋಟೋ ಪಟ್ಟಿ ಒಂದಾಗಿಯೇ ಉಳಿಯಲಿ. ಈ ಹಬ್ಬಕ್ಕೆ ಮನೆಮಂದಿ ಸೇರಿದಾಗ ಡಬ್ಬಿಯನ್ನು ಅಜ್ಜಿಯ ಮುಂದಿಟ್ಟು ಕೇಳಿ; ಚೀಟಿಯಲ್ಲಿ ಇಲ್ಲದ್ದು ಅವರ ನೆನಪಿನಲ್ಲಿದ್ದೀತು.