ಕಿಲ್ಟಿನ ಮುಂದಣ ಸಂಚಿ: ಅಡುಗೆಮನೆಯಿಂದ ರಸ್ತೆಬದಿಗೆ

ಸ್ಕಾಟ್ಲೆಂಡಿನ ಗಂಡಸರು ಉಡುವ ಕಿಲ್ಟಿಗೆ ಜೇಬಿಲ್ಲ. ಸ್ಪಾರನ್ ಎಂಬ ಸಂಚಿ ಹುಟ್ಟಿದ್ದೇ ಈ ಕೊರತೆಯಿಂದ. ನಮ್ಮ ಅಜ್ಜಿಯರ ಎಲೆ-ಅಡಿಕೆ ಸಂಚಿಯನ್ನು ಕಂಡವರಿಗೆ ಅದರ ಮೊದಲ ರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜಿಂಕೆಯದೋ ಕರುವಿನದೋ ಒಂದು ತುಂಡು ತೊಗಲು, ಬಾಯಿ ಬಿಗಿಯಲು ತೊಗಲಿನದೇ ಲಾಡಿ, ಲಾಡಿಯ ತುದಿಗೆ ಗೊಂಡೆ. ಗೇಲಿಕ್ ಭಾಷೆಯಲ್ಲಿ ಆ ಪದಕ್ಕೆ ಹಣದ ಚೀಲ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಇಂಗ್ಲಿಷಿನ ‘ಪರ್ಸ್’ ಕೂಡ ಅದೇ ಲ್ಯಾಟಿನ್ ಬೇರಿನಿಂದ ಬಂದದ್ದು.

ವಾಹನಕ್ಕೆ ಸಿಕ್ಕು ಸತ್ತ ಪ್ರಾಣಿಯ ತೊಗಲು, ಯಾರೋ ಬಿಸಾಡಿದ ತುಪ್ಪಳದ ಕೋಟು ಇವುಗಳಿಂದ ಸ್ಪಾರನ್ ಹೊಲಿಯುವವರು ಈಗ ಸ್ಕಾಟ್ಲೆಂಡಿನಲ್ಲಿದ್ದಾರೆ. ಇದನ್ನು ಹೊಸ ಕಾಲದ ಪರಿಸರಪ್ರಜ್ಞೆ ಎಂದು ಹೊಗಳುವುದುಂಟು. ನನಗೆ ಹಾಗೆನಿಸುವುದಿಲ್ಲ. ಊಟ ಮುಗಿದ ಮೇಲೆ ಉಳಿದ ತೊಗಲಿನಿಂದ ಸಂಚಿ ಮಾಡಿಕೊಂಡ ಹಳೆಯ ಹೈಲ್ಯಾಂಡರ್, ಎಂದರೆ ಸ್ಕಾಟ್ಲೆಂಡಿನ ಬೆಟ್ಟನಾಡಿನವ, ಮಾಡಿದ್ದೂ ಇದನ್ನೇ. ಹಾದಿ ತಪ್ಪಿದ್ದು ನಡುವಿನ ಕಾಲದಲ್ಲಿ.

ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಸಂಚಿಯ ಬಾಯಿಗೆ ಹಿತ್ತಾಳೆಯ ಕಟ್ಟು ಬಂತು, ಉಳ್ಳವರಿಗೆ ಬೆಳ್ಳಿಯದು. ಇದಕ್ಕೆ ಕ್ಯಾಂಟಲ್ ಎನ್ನುತ್ತಾರೆ. ಎಡಿನ್‌ಬರೋದ ವಸ್ತುಸಂಗ್ರಹಾಲಯದಲ್ಲಿರುವ ಒಂದು ಕ್ಯಾಂಟಲ್‌ನೊಳಗೆ ನಾಲ್ಕು ಪುಟ್ಟ ಪಿಸ್ತೂಲುಗಳನ್ನು ಅಡಗಿಸಲಾಗಿದೆ: ಗುಟ್ಟು ತಿಳಿಯದೆ ಕೈ ಹಾಕಿದ ಕಳ್ಳನಿಗೆ ಗುಂಡಿನ ಉಡುಗೊರೆ! ವಾಲ್ಟರ್ ಸ್ಕಾಟ್ ತನ್ನ ‘ರಾಬ್ ರಾಯ್’ ಕಾದಂಬರಿಯಲ್ಲಿ ಇಂಥದೇ ಸಂಚಿಯನ್ನು ರಾಬ್ ರಾಯ್‌ನ ಸೊಂಟಕ್ಕೆ ಕಟ್ಟಿದ.

1746ರಲ್ಲಿ ಕಲೋಡನ್ ಕಾಳಗದಲ್ಲಿ ಹೈಲ್ಯಾಂಡಿನ ಬಂಡಾಯಗಾರರು ಸೋತ ಬೆನ್ನಿಗೇ ಹೈಲ್ಯಾಂಡ್ ಉಡುಪಿಗೆ ನಿಷೇಧ ಬಿತ್ತು. 1782ರವರೆಗೆ ಅದನ್ನು ಕಾನೂನುಬದ್ಧವಾಗಿ ತೊಡಬಹುದಾಗಿದ್ದುದು ಸೈನ್ಯದಲ್ಲಿ. ಹಾಗಾಗಿ ಸಂಚಿಯ ಮುಂದಿನ ರೂಪವನ್ನು ನಿರ್ಧರಿಸಿದ್ದು ಊರಿನ ಚಮ್ಮಾರರಿಗಿಂತ ಹೆಚ್ಚಾಗಿ ರೆಜಿಮೆಂಟುಗಳು. ಮೇಕೆಯ ಕೂದಲಿನ ‘ಸ್ಪೊರನ್ ಮೊಲಾಖ್’, ಎಂದರೆ ರೋಮದ ಸಂಚಿ, ಬಂದದ್ದು ಆಗ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಸ್ಕಾಟ್ ಹೂಡಿದ ಅದ್ದೂರಿ ಮೆರವಣಿಗೆಗಳು, ಆಮೇಲೆ ವಿಕ್ಟೋರಿಯಾ ರಾಣಿಗೆ ಹೈಲ್ಯಾಂಡಿನ ತನ್ನ ಬಾಲ್ಮೊರಲ್ ಅರಮನೆಯ ಮೇಲಿದ್ದ ಮೋಹ ಇವೆರಡೂ ಸೇರಿ ಸಂಚಿಯನ್ನು ಪ್ರದರ್ಶನದ ವಸ್ತುವಾಗಿಸಿದವು. ಕುದುರೆಯ ಬಾಲದ ಬಿಳಿ ಕೂದಲು ಮೊಣಕಾಲಿನವರೆಗೆ ಇಳಿಬಿತ್ತು. ಬಿಲವಾಸಿ ಬ್ಯಾಜರ್, ನೀರುನಾಯಿ, ನರಿ, ಕಾಡುಬೆಕ್ಕುಗಳ ಇಡೀ ಮುಖವೇ ಸಂಚಿಯ ಮುಚ್ಚಳವಾಯಿತು. ಆರ್ಗೈಲ್ ಅಂಡ್ ಸದರ್‌ಲೆಂಡ್ ರೆಜಿಮೆಂಟಿನ ಅಧಿಕಾರಿಗಳ ಗುರುತೇ ಬ್ಯಾಜರ್ ಮುಖವಾಗಿತ್ತು. ಉಳಿದ ತೊಗಲಿನಿಂದ ಸಂಚಿ ಎಂಬುದು ಹೋಗಿ, ಸಂಚಿಗಾಗಿ ಪ್ರಾಣಿ ಎಂದಾಯಿತು. ಮೊದಲ ಮಹಾಯುದ್ಧದಲ್ಲಿ ಸೈನಿಕರು ಇದನ್ನೆಲ್ಲ ಬಿಚ್ಚಿಟ್ಟು, ಕಿಲ್ಟಿನ ಮೇಲೆ ಖಾಕಿ ಏಪ್ರನ್ ಸುತ್ತಿಕೊಂಡರು. ಅದಕ್ಕೆ ಜೇಬಿತ್ತು!

ಇಪ್ಪತ್ತನೆಯ ಶತಮಾನದಲ್ಲಿ ಮದುವೆಯ ಕಿಲ್ಟಿಗೆ ಸೀಲ್ ತುಪ್ಪಳವೇ ಮಾಮೂಲಾಯಿತು. ಅದಕ್ಕೆ ಕಡಿವಾಣ ಹಾಕಿದ್ದು 2009ರ ಐರೋಪ್ಯ ಒಕ್ಕೂಟದ ಕಾಯಿದೆ. ಧ್ರುವಪ್ರದೇಶದ ಇನ್ಯೂಟ್ ಮೊದಲಾದ ಮೂಲನಿವಾಸಿ ಸಮುದಾಯಗಳ ಬೇಟೆಗೆ ಅದು ವಿನಾಯಿತಿ ಕೊಟ್ಟಿತು. ಬ್ಯಾಜರ್‌ಗೆ 1992ರ ಪ್ರತ್ಯೇಕ ಕಾಯಿದೆಯ ರಕ್ಷಣೆಯಿದೆ. 2007ರಲ್ಲಿ ಸ್ಕಾಟ್ಲೆಂಡಿನ ಹೊಸ ನಿಯಮಗಳು ಬಂದಾಗ, 1994ರ ನಂತರ ಸತ್ತ ನೀರುನಾಯಿಯಂಥ ಪ್ರಾಣಿಯ ತೊಗಲಿನ ಸ್ಪಾರನ್ ಇಟ್ಟುಕೊಳ್ಳಲು ಪರವಾನಗಿ ಬೇಕೆಂಬ ಸುದ್ದಿ ಪತ್ರಿಕೆಗಳಿಗೆ ನಗೆಯ ವಸ್ತುವಾಯಿತು. ಕಸುಬಿನವರು ನಗಲಿಲ್ಲ. ಕೊಂದದ್ದಲ್ಲ, ಸತ್ತು ಸಿಕ್ಕಿದ್ದು ಎಂಬುದಕ್ಕೆ ಅವರು ದಾಖಲೆ ಇಡಬೇಕಿತ್ತು. ಎಲ್ಲಿ, ಯಾವ ದಿನ ಸಿಕ್ಕಿತು ಎಂಬ ವಿವರ ಸ್ಪಾರನ್ನಿನ ಜತೆಗೇ ಗಿರಾಕಿಯ ಕೈಸೇರುವುದು ಒಳ್ಳೆಯ ಪದ್ಧತಿ.

ರಸ್ತೆಯಲ್ಲಿ ಸಿಕ್ಕಿದ್ದೆಲ್ಲ ಸ್ಪಾರನ್ ಆಗುವುದಿಲ್ಲ. ಮೊದಲ ಪರೀಕ್ಷೆ ಹೊಟ್ಟೆಯ ಭಾಗದ್ದು. ಅಲ್ಲಿಯ ರೋಮವನ್ನು ಚಿವುಟಿ ಎಳೆದಾಗ ಕಿತ್ತು ಬಂದರೆ ಕೊಳೆ ಶುರುವಾಗಿದೆ ಎಂದರ್ಥ. ಎಷ್ಟು ಹದ ಮಾಡಿದರೂ ಮುಂದೆ ರೋಮ ಉದುರುತ್ತದೆ. ತಾಜಾ ಇದ್ದರೆ ಸುಲಿದು, ಒಳಮೈಯ ಮಾಂಸ-ಕೊಬ್ಬನ್ನು ಹೆರೆದು, ಕೂಡಲೇ ಉಪ್ಪು ಉಜ್ಜಬೇಕು. ಬ್ಯಾಜರ್‌ನ ಮೈತುಂಬ ಕೊಬ್ಬು, ಅದನ್ನು ಹೆರೆಯುವುದೇ ಒಂದು ದಿನದ ಗೇಮೆ. ಆಮೇಲೆ ಉಪ್ಪು ಮತ್ತು ಆಮ್ಲದ ನೀರಿನಲ್ಲಿ ನೆನೆಸಿ, ಪಟಿಕದಲ್ಲೋ ಈಗಿನ ಕೃತಕ ಟ್ಯಾನಿನ್‌ನಲ್ಲೋ ಹದ ಮಾಡಿ, ಎಣ್ಣೆ ತಿಕ್ಕಿ, ಅರೆ ಒಣಗಿದಾಗ ಎಳೆದೆಳೆದು ಮೆತ್ತಗಾಗಿಸಬೇಕು. ಈ ಎಳೆತದಲ್ಲಿ ಸೋಮಾರಿತನ ತೋರಿದರೆ ತೊಗಲು ಹಪ್ಪಳವಾಗುತ್ತದೆ. ಮುಖವನ್ನೇ ಮುಚ್ಚಳ ಮಾಡುವುದಾದರೆ ತುಟಿ, ಕಿವಿ, ಕಣ್ಣಿನ ಅಂಚುಗಳ ಕೆಲಸವೂ ಸೇರುತ್ತದೆ. ಅದು ಅರ್ಧ ಚರ್ಮಗಾರನದು, ಅರ್ಧ ಶಿಲ್ಪಿಯದು.

ಹಳೆಯ ತುಪ್ಪಳದ ಕೋಟು ಸುಲಭದ ದಾರಿ ಎನಿಸೀತು, ಆದರೆ ಅದರದು ಬೇರೆ ಕಾಯಿಲೆ. ದಶಕಗಟ್ಟಲೆ ಬೀರುವಿನಲ್ಲಿದ್ದ ತೊಗಲು ಒಣಗಿ ಕಾಗದದಂತೆ ಹರಿಯುತ್ತದೆ. ಆದ್ದರಿಂದ ಅಸ್ತರಿ ಬಿಚ್ಚಿ, ಒಳಮೈಯನ್ನು ಕೊಂಚ ಎಳೆದು ನೋಡಬೇಕು. ಗಟ್ಟಿಯಿರುವ ಭಾಗವನ್ನಷ್ಟೆ ಕತ್ತರಿಸಿ, ಹೊಸ ಚರ್ಮದ ಮೇಲೆ ಕೂರಿಸುತ್ತಾರೆ. ಸಂಚಿಯ ಬೆನ್ನು, ಪಕ್ಕದ ಪಟ್ಟಿ, ಸರಪಳಿಯ ಕೊಂಡಿ ತಾಳುವ ಭಾಗಗಳಿಗೆ ಹಸುವಿನ ತೊಗಲೇ ಬೇಕು. ಒಂದು ಕೋಟಿನಿಂದ ಹಲವು ಸಂಚಿಗಳಾಗುತ್ತವೆ. ಆದರೂ ಇವುಗಳಲ್ಲಿ ಏನೋ ಕಮ್ಮಿ ಎಂದೇ ನನ್ನ ಅನಿಸಿಕೆ. ಇಂಥ ಕೋಟುಗಳಿಗೆ ಬಳಸುವ ಮಿಂಕ್ ಎಂಬ ಪ್ರಾಣಿ ಮೂಲತಃ ಸ್ಕಾಟ್ಲೆಂಡಿನ ಬೆಟ್ಟದ್ದಲ್ಲ. ಇನ್ನು ವಿಕ್ಟೋರಿಯಾ ಕಾಲದ ಪ್ರಾಣಿಮುಖದ ಸಂಚಿಗಳನ್ನು ದುರಸ್ತಿ ಮಾಡುವವರು ಕೈಗವಸು ಬಿಚ್ಚುವಂತಿಲ್ಲ, ಅವಕ್ಕೆ ಹುಳು ಹಿಡಿಯದಂತೆ ಆರ್ಸೆನಿಕ್ ಸವರಿರುವ ಸಾಧ್ಯತೆಯಿದೆ.

ಅಗ್ಗದ ಸ್ಪಾರನ್ನುಗಳು ಈಗ ಪಾಕಿಸ್ತಾನದ ಸಿಯಾಲ್‌ಕೋಟದಿಂದ ಬರುತ್ತವೆ, ಬ್ಯಾಗ್‌ಪೈಪುಗಳ ಜೊತೆಗೇ. ಬ್ರಿಟನ್ನಿನ ಹೆರಿಟೇಜ್ ಕ್ರಾಫ್ಟ್ಸ್ ಸಂಸ್ಥೆಯ ಅಳಿವಿನಂಚಿನ ಕಸುಬುಗಳ ಪಟ್ಟಿಯಲ್ಲಿ ಸ್ಪಾರನ್ ತಯಾರಿಕೆಯೂ ಸೇರಿದೆ.

ಅಲ್ಲಿ ಓದಲೋ ದುಡಿಯಲೋ ಹೋಗಿರುವ ಕನ್ನಡಿಗರು ನೆನಪಿಗೆಂದು ಒಂದನ್ನು ಊರಿಗೆ ತರುವುದಾದರೆ, ಅದು ಯಾವ ಪ್ರಾಣಿಯ ತೊಗಲು ಎಂದು ಅಂಗಡಿಯಲ್ಲೇ ಕೇಳಿ. ನೀರುನಾಯಿ, ಕಾಡುಬೆಕ್ಕುಗಳದ್ದಾದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪತ್ರವಿಲ್ಲದೆ ಗಡಿ ದಾಟಿಸುವಂತಿಲ್ಲ. ಊರಿನಲ್ಲೇ ಮಾಡಿಕೊಳ್ಳುತ್ತೇನೆ ಎಂಬ ಆಸೆಯಂತೂ ಬೇಡ: ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಸತ್ತು ಬಿದ್ದ ಕಾಡುಪ್ರಾಣಿಯೂ ಸರ್ಕಾರದ ಸ್ವತ್ತು.