ಮರುಭೂಮಿಯಲ್ಲಿ ಸೈಕಲ್ ಸವಾರಿ: ಟೈಪ್ 1 ಮಧುಮೇಹ ಇರುವವರು ಮತ್ತು ಅವರ ಜೊತೆಗಾರರು ತಿಳಿದಿರಬೇಕಾದದ್ದು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಡೆತ್ ವ್ಯಾಲಿ ಹೆಸರಿಗೆ ತಕ್ಕ ಜಾಗ. ಅಲ್ಲಿನ ಬ್ಯಾಡ್‌ವಾಟರ್ ಬೇಸಿನ್ ಎಂಬ ಉಪ್ಪಿನ ಬಯಲು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. 1913ರ ಜುಲೈ 10ರಂದು ಅದೇ ಕಣಿವೆಯ ಫರ್ನೇಸ್ ಕ್ರೀಕ್‌ನಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್, ಭೂಮಿಯ ಮೇಲಿನ ಗಾಳಿಯ ಅತಿ ಹೆಚ್ಚಿನ ಅಧಿಕೃತ ಉಷ್ಣಾಂಶ. ಇದೇ ಕಣಿವೆಯಲ್ಲಿ ಟೈಪ್ 1 ಮಧುಮೇಹದ ಸಂಶೋಧನೆಗೆ ಹಣ ಕೂಡಿಸಲು ಜನ ಗುಂಪುಗೂಡಿ ದಿನವಿಡೀ ಸೈಕಲ್ ತುಳಿಯುವ ಸವಾರಿ ಹಲವು ವರ್ಷ ನಡೆದಿದೆ. ಸವಾರರಲ್ಲಿ ಅನೇಕರಿಗೆ ಸ್ವತಃ ಟೈಪ್ 1 ಇರುತ್ತದೆ. ಉಳಿದವರಲ್ಲಿ ಹೆಚ್ಚಿನವರು ಅಂಥವರ ಅಪ್ಪ, ಅಮ್ಮ, ಅಣ್ಣ, ತಂಗಿ, ಗೆಳೆಯರು.

ಇನ್ಸುಲಿನ್ ತೆಗೆದುಕೊಳ್ಳುವವರು ಇಂಥ ಬಿಸಿಲಿನಲ್ಲಿ ಇಷ್ಟು ದೂರ ಹೋಗಬಹುದೇ? ಹೋಗಬಹುದು, ಹೋಗಿದ್ದಾರೆ. 2013ರಿಂದ ನಡೆಯುತ್ತಿರುವ ಟೀಮ್ ನೋವೋ ನಾರ್ಡಿಸ್ಕ್ ಎಂಬ ವೃತ್ತಿಪರ ಸೈಕ್ಲಿಂಗ್ ತಂಡದ ಎಲ್ಲ ಸವಾರರಿಗೂ ಟೈಪ್ 1 ಇದೆ. ಆದರೆ ಮರುಭೂಮಿಯಲ್ಲಿ ಒಂದು ವಿಶೇಷ ತೊಡಕಿದೆ. ಸಕ್ಕರೆ ಇಳಿದಾಗ ಕಾಣುವ ಲಕ್ಷಣಗಳೂ ಬಿಸಿಲಿನಿಂದ ಬಳಲಿದಾಗ ಕಾಣುವ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ. ಯಾವುದು ಯಾವುದೆಂದು ಹೇಳಬೇಕಾದ ವ್ಯಕ್ತಿಗೇ ಆ ಹೊತ್ತಿಗೆ ಮಂಕು ಕವಿದಿರುತ್ತದೆ. ಪುಣೆ, ದೆಹಲಿ, ಹೈದರಾಬಾದಿನ ಸೈಕಲ್ ಬಳಗದವರೊಡನೆ ಜೈಸಲ್ಮೇರ್ ಅಥವಾ ಕಛ್‌ನ ರಣ್ ಕಡೆಗೆ ಹೊರಡುವವರಿಗೂ, ಮನೆಯಲ್ಲಿ ಕಾಯುವವರಿಗೂ ಈ ವಿಷಯ ಗೊತ್ತಿರಬೇಕು.

ಈ ಸವಾರಿ ಹೇಗಿರುತ್ತದೆ?

1970ರಲ್ಲಿ ಟೈಪ್ 1 ಇರುವ ಮಕ್ಕಳ ತಂದೆತಾಯಂದಿರು ಅಮೆರಿಕದಲ್ಲಿ ಕಟ್ಟಿದ ಜೆಡಿಆರ್‌ಎಫ್ ಎಂಬ ಸಂಸ್ಥೆ ಇದನ್ನು ನಡೆಸುತ್ತಾ ಬಂತು. 2024ರಲ್ಲಿ ಆ ಸಂಸ್ಥೆ ತನ್ನ ಹೆಸರನ್ನು ಬ್ರೇಕ್‌ಥ್ರೂ ಟಿ1ಡಿ ಎಂದು ಬದಲಿಸಿಕೊಂಡಿತು. ಸವಾರಿಗೆ ಅಕ್ಟೋಬರ್ ಆರಿಸಿದ್ದು ಸುಮ್ಮನೆ ಅಲ್ಲ. ಬೇಸಿಗೆಯಲ್ಲಿ ಅಲ್ಲಿ 45 ಡಿಗ್ರಿ ದಾಟುವುದು ದಿನದ ಮಾತು. ಅಕ್ಟೋಬರ್‌ನಲ್ಲಿ ಹಗಲಿನ ಗರಿಷ್ಠ ಉಷ್ಣಾಂಶ ಸರಾಸರಿ 34 ಡಿಗ್ರಿಯ ಆಸುಪಾಸು ಇರುತ್ತದೆ. ಚೆನ್ನೈಯವರಿಗೆ 34 ಡಿಗ್ರಿ ಏನೂ ಅಲ್ಲ ಅನ್ನಿಸಬಹುದು. ಆದರೆ ನೆರಳಿಲ್ಲದ ರಸ್ತೆಯಲ್ಲಿ ಏಳೆಂಟು ಗಂಟೆ ತುಳಿಯುವ ದೇಹಕ್ಕೆ ಅದು ಬೇರೆಯೇ 34 ಡಿಗ್ರಿ.

ಪೂರ್ತಿ ದೂರ ಸುಮಾರು 160 ಕಿಲೋಮೀಟರ್. ಅಷ್ಟು ಆಗದವರು ಅರ್ಧದಲ್ಲೇ ತಿರುಗಿ ಬರಬಹುದು. ದಾರಿಯುದ್ದಕ್ಕೂ ನೀರು, ತಿಂಡಿ, ವೈದ್ಯಕೀಯ ನೆರವಿನ ತಂಗುದಾಣಗಳು ಇರುತ್ತವೆ. ತುಳಿಯಲಾಗದವರನ್ನು ಹತ್ತಿಸಿಕೊಳ್ಳಲು ವಾಹನಗಳು ಓಡಾಡುತ್ತಿರುತ್ತವೆ. 23ನೇ ಮೈಲಿಯಲ್ಲಿ ಸವಾರರು ಸೈಕಲ್ ನಿಲ್ಲಿಸಿ ಕೆಲಹೊತ್ತು ಮೌನವಾಗಿರುವ ಪದ್ಧತಿಯಿದೆ. ಟೈಪ್ 1ರಿಂದ ತೀರಿಕೊಂಡ ಒಬ್ಬ ಹುಡುಗನ ನೆನಪಿಗೆ ಅದು ಶುರುವಾಯಿತು.

ಇಂಥ ಸವಾರಿಯಲ್ಲಿ ಇನ್ನೊಂದು ಒತ್ತಡವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಂಧುಗಳು, ಆಫೀಸಿನವರು, ನೆರೆಹೊರೆಯವರು ಹಣ ಕೊಟ್ಟಿರುತ್ತಾರೆ. "ಇಷ್ಟು ಜನರ ಹತ್ತಿರ ದುಡ್ಡು ತಗೊಂಡು ಅರ್ಧಕ್ಕೇ ವ್ಯಾನ್ ಹತ್ತಿದರೆ ಹೇಗೆ?" ಎಂಬ ಸಂಕೋಚವೇ ಬಹಳ ಜನರನ್ನು ನಿಲ್ಲಬೇಕಾದಲ್ಲಿ ನಿಲ್ಲದಂತೆ ಮಾಡುತ್ತದೆ. ಕೊಟ್ಟ ಹಣ ನೀವು ವ್ಯಾನ್ ಹತ್ತಿದರೂ ಸಂಶೋಧನೆಗೇ ಹೋಗುತ್ತದೆ. ಹೊರಡುವ ಮೊದಲೇ ಮನೆಯವರು ಈ ಮಾತನ್ನು ಸವಾರರಿಗೆ ಹೇಳಿಬಿಡುವುದು ಒಳ್ಳೆಯದು.

ಬಿಸಿಲಿನಲ್ಲಿ ತುಳಿಯುವಾಗ ಸಕ್ಕರೆ ಏಕೆ ಬೇಗ ಇಳಿಯುತ್ತದೆ?

ಮಧುಮೇಹ ಇಲ್ಲದವರ ದೇಹ ವ್ಯಾಯಾಮ ಶುರುವಾದೊಡನೆ ಇನ್ಸುಲಿನ್ ಬಿಡುಗಡೆಯನ್ನು ತಾನೇ ತಗ್ಗಿಸುತ್ತದೆ. ಟೈಪ್ 1 ಇರುವವರು ಚುಚ್ಚಿಕೊಂಡ ಇನ್ಸುಲಿನ್ ಹಾಗಲ್ಲ. ಒಮ್ಮೆ ಒಳಹೋದ ಮೇಲೆ ಅದನ್ನು ವಾಪಸ್ ತೆಗೆಯಲಾಗದು. ಅತ್ತ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತಿರುತ್ತವೆ, ಇತ್ತ ಇನ್ಸುಲಿನ್ ಕೆಲಸ ಮಾಡುತ್ತಲೇ ಇರುತ್ತದೆ. ಜೊತೆಗೆ ಬಿಸಿಗೆ ಚರ್ಮದಡಿ ರಕ್ತಸಂಚಾರ ಹೆಚ್ಚಿ ಇನ್ಸುಲಿನ್ ಎಂದಿಗಿಂತ ವೇಗವಾಗಿ ರಕ್ತ ಸೇರುತ್ತದೆ. ತೊಡೆಗೆ ಚುಚ್ಚಿಕೊಂಡು ಪೆಡಲ್ ತುಳಿದರೆ ಇನ್ನೂ ಬೇಗ. ಆದ್ದರಿಂದ ಸವಾರಿಯ ದಿನ ತೊಡೆಯನ್ನು ಬಿಟ್ಟು ಹೊಟ್ಟೆಗೆ ಚುಚ್ಚಿಕೊಳ್ಳುವಂತೆ ಸಾಮಾನ್ಯವಾಗಿ ಸಲಹೆ ಕೊಡುತ್ತಾರೆ.

ಇದಕ್ಕೆ ಹೆದರಿ ಇನ್ಸುಲಿನ್ ಪೂರ್ತಿ ಬಿಡುವುದು ದೊಡ್ಡ ತಪ್ಪು. ಇನ್ಸುಲಿನ್ ಇಲ್ಲದೆ ತುಳಿದರೆ ಸಕ್ಕರೆ ಏರಿ, ಕೀಟೋನ್ ಹೆಚ್ಚಿ, ದೇಹದ ನೀರಿನಂಶ ಇನ್ನಷ್ಟು ಕಡಿಮೆಯಾಗುತ್ತದೆ. ಎಷ್ಟು ತಗ್ಗಿಸಬೇಕು, ಯಾವಾಗ ತಗ್ಗಿಸಬೇಕು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಪಂಪ್ ಬಳಸುವವರು ಹೊರಡುವ ಗಳಿಗೆಯಲ್ಲಿ ಬೇಸಲ್ ಇಳಿಸಿದರೆ ತಡವಾಗಿಬಿಡುತ್ತದೆ. 60ರಿಂದ 90 ನಿಮಿಷ ಮೊದಲೇ ಇಳಿಸಬೇಕಾಗುತ್ತದೆ. ಇದೆಲ್ಲವನ್ನೂ ಮನೆಯ ಹತ್ತಿರದ ಉದ್ದದ ಸವಾರಿಗಳಲ್ಲಿ ಹಲವು ಬಾರಿ ಮಾಡಿ ನೋಡಿರಬೇಕು. ಮರುಭೂಮಿ ಪ್ರಯೋಗ ಮಾಡುವ ಜಾಗವಲ್ಲ.

ಲೋ ಶುಗರ್ರೋ, ಬಿಸಿಲೋ, ನೀರು ಹೆಚ್ಚಾದದ್ದೋ?

ಗುಂಪಿನಲ್ಲಿ ಒಬ್ಬರು ಹಿಂದೆ ಬೀಳುತ್ತಾರೆ. ತಲೆನೋವು, ವಾಕರಿಕೆ, ಸುಸ್ತು ಎನ್ನುತ್ತಾರೆ. ಮಾತು ತೊದಲುತ್ತದೆ, ಸುಮ್ಮನೆ ಸಿಡುಕುತ್ತಾರೆ, ಸೈಕಲ್ ಓಲಾಡುತ್ತದೆ. ಜೊತೆಗಿದ್ದವರು ತಕ್ಷಣ ಹೇಳುವ ಮಾತು: "ಬಿಸಿಲು ತಲೆಗೆ ಹತ್ತಿದೆ, ನೀರು ಕುಡಿ."

ಇದು ಬಿಸಿಲಿನ ಬಳಲಿಕೆ ಇರಬಹುದು. ಸಕ್ಕರೆ 70ಕ್ಕಿಂತ ಕೆಳಗಿಳಿದಿರಬಹುದು. ಬರೀ ನೀರನ್ನು ಮಿತಿಮೀರಿ ಕುಡಿದು ರಕ್ತದ ಸೋಡಿಯಂ ಇಳಿದಿರಲೂಬಹುದು. ಮೊದಲನೆಯದಕ್ಕೆ ನೀರು ಔಷಧಿ, ಎರಡನೆಯದಕ್ಕೆ ಏನೂ ಪ್ರಯೋಜನವಿಲ್ಲ, ಮೂರನೆಯದಕ್ಕೆ ಅದೇ ವಿಷ. ಬೆವರನ್ನು ನೋಡಿ ಗುರುತಿಸೋಣವೆಂದರೆ ಅದೂ ನಂಬಿಕೆಗೆ ಅರ್ಹವಲ್ಲ. ಒಣಗಾಳಿಯಲ್ಲಿ ಬೆವರು ಬಂದಹಾಗೇ ಆರಿಹೋಗಿ ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆಗಳಷ್ಟೇ ಉಳಿಯುತ್ತವೆ. ಲೋ ಶುಗರ್‌ನ ತಣ್ಣನೆ ಬೆವರು ಎಂದು ಕ್ಲಿನಿಕ್ಕಿನಲ್ಲಿ ಹೇಳಿಕೊಟ್ಟ ಲಕ್ಷಣ ಮರುಭೂಮಿಯಲ್ಲಿ ಕಣ್ಣಿಗೇ ಬೀಳದಿರಬಹುದು.

ಆದ್ದರಿಂದ ಕ್ರಮ ಒಂದೇ: ಸೈಕಲ್‌ನಿಂದ ಇಳಿಸಿ, ನೆರಳಿಗೆ ಕರೆತನ್ನಿ, ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿ. ಅರ್ಧ ನಿಮಿಷದ ಕೆಲಸ. ಬೆರಳಿಗೆ ಜೆಲ್ಲೋ ಹಣ್ಣಿನ ರಸವೋ ಅಂಟಿದ್ದರೆ ಮೀಟರ್ ತಪ್ಪಾಗಿ ಹೆಚ್ಚು ತೋರಿಸುತ್ತದೆ, ಹಾಗಾಗಿ ಬೆರಳನ್ನು ತೊಳೆದು ಒರೆಸಿ. ಮೀಟರ್ ಕೈಗೆ ಸಿಗದಿದ್ದರೆ, ವ್ಯಕ್ತಿಗೆ ಎಚ್ಚರವಿದ್ದರೆ, ಲೋ ಶುಗರ್ ಎಂದೇ ತಿಳಿದು ಗ್ಲೂಕೋಸ್ ಕೊಡಿ. ಹೆಚ್ಚಿದ್ದ ಸಕ್ಕರೆ ಅದರಿಂದ ಸ್ವಲ್ಪ ಏರಿದರೆ ಆಮೇಲೆ ಸರಿಮಾಡಬಹುದು.

70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್. ಅಂದರೆ ಸುಮಾರು ಮೂರು ಟೀ ಚಮಚ ತುಂಬ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿರದಿದ್ದರೆ ಇನ್ನೊಮ್ಮೆ ಕೊಡಿ. ಚಾಕೊಲೇಟ್ ಬೇಡ. ಅದರ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಮರುಭೂಮಿಯಲ್ಲಿ ಹೇಗೂ ಜೇಬಿನಲ್ಲೇ ಕರಗಿ ಹೋಗಿರುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಮಗ್ಗುಲಿಗೆ ಮಲಗಿಸಿ, ಗ್ಲುಕಗಾನ್ ಇದ್ದರೆ ಕೊಟ್ಟು, ಆಂಬುಲೆನ್ಸ್ ಕರೆಯಿರಿ. ಗಂಟೆಗಟ್ಟಲೆ ತುಳಿದ ಮೇಲೆ ಯಕೃತ್ತಿನ ಸಕ್ಕರೆ ದಾಸ್ತಾನು ಕರಗಿರುವುದರಿಂದ ಗ್ಲುಕಗಾನ್ ಎಂದಿನಷ್ಟು ಚೆನ್ನಾಗಿ ಕೆಲಸ ಮಾಡದಿರಬಹುದು. ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು.

ಸಕ್ಕರೆ ಸರಿಯಾಗಿದ್ದೂ ಮೈ ಸುಡುತ್ತಿದ್ದರೆ, ಮಾತು ಅಸಂಬದ್ಧವಾಗಿದ್ದರೆ ಅದು ಹೀಟ್ ಸ್ಟ್ರೋಕ್. ಮೈಯೊಳಗಿನ ಶಾಖ 40 ಡಿಗ್ರಿ ದಾಟಿರುತ್ತದೆ. ಆಂಬುಲೆನ್ಸ್ ಬರುವವರೆಗೆ ಕಾಯದೆ ಮೈಮೇಲೆ ನೀರು ಸುರಿದು ಗಾಳಿ ಬೀಸಿ, ಐಸ್ ಇದ್ದರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಮೈ ಬಿಸಿಯಿಲ್ಲ, ಸಕ್ಕರೆಯೂ ಸರಿಯಿದೆ, ಆದರೆ ಬೆಳಗಿನಿಂದ ಬಾಟಲಿಗಟ್ಟಲೆ ಬರೀ ನೀರು ಕುಡಿದಿದ್ದಾರೆ, ಬೆರಳುಗಳು ಊದಿ ಉಂಗುರ ಬಿಗಿಯಾಗಿದೆ, ತಲೆನೋವು ಏರುತ್ತಿದೆ ಎಂದಾದರೆ ನೀರು ಕೊಡುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಯಾರಿಕೆಗೆ ತಕ್ಕಂತೆ ಕುಡಿಯುವುದೇ ಸುರಕ್ಷಿತ. ಗಂಟೆಗೆ ಇಷ್ಟು ಲೀಟರ್ ಎಂದು ಹಟ ಹಿಡಿಯುವುದು ಬೇಡ.

ಓಆರ್‌ಎಸ್ ಕುಡಿಯಬಹುದೇ?

ಇದರಲ್ಲಿ ಎರಡೂ ಬಗೆಯ ತಪ್ಪು ನಡೆಯುತ್ತದೆ. ಕೆಲವರು ಸಕ್ಕರೆ ಇದೆಯೆಂದು ಓಆರ್‌ಎಸ್ ಮುಟ್ಟುವುದೇ ಇಲ್ಲ. ಇನ್ನು ಕೆಲವರು ಲೋ ಶುಗರ್ ಆದಾಗ ಅದನ್ನೇ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರುತ್ತದೆ. 200 ಮಿ.ಲೀ. ಲೋಟ ಒಂದಕ್ಕೆ ಮೂರು ಗ್ರಾಂ ಕೂಡ ಇಲ್ಲ. ಸವಾರಿಯಲ್ಲಿ ಉಪ್ಪು, ನೀರು ತುಂಬಿಕೊಳ್ಳಲು ಅದು ಒಳ್ಳೆಯದು. ಇಳಿದ ಸಕ್ಕರೆಯನ್ನು ಎತ್ತಲು ಸಾಲದು. ಅದಕ್ಕೆ ಗ್ಲೂಕೋಸ್ ಪುಡಿ ಬೇರೆಯಾಗಿಯೇ ಜೇಬಿನಲ್ಲಿರಬೇಕು. "ಶುಗರ್ ಫ್ರೀ" ಎಂದು ಬರೆದ ಎಲೆಕ್ಟ್ರೊಲೈಟ್ ಮಾತ್ರೆಗಳಿಂದಲೂ ಸಕ್ಕರೆ ಏರುವುದಿಲ್ಲ.

ಇನ್ಸುಲಿನ್, ಮೀಟರ್, ಸೆನ್ಸರ್

ಬಳಕೆಯಲ್ಲಿರುವ ಇನ್ಸುಲಿನ್ ಪೆನ್ನನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇಡಬೇಕು. ಬಿಸಿಲಿಗೆ ನಿಲ್ಲಿಸಿದ ವ್ಯಾನಿನ ಒಳಗೆ ಶಾಖ ಇದನ್ನು ಸ್ವಲ್ಪ ಹೊತ್ತಿನಲ್ಲೇ ದಾಟುತ್ತದೆ. ನೀರಿನಲ್ಲಿ ನೆನೆಸಿ ಬಳಸುವ ಕೂಲಿಂಗ್ ಚೀಲಗಳು ಮಣ್ಣಿನ ಹೂಜಿಯ ತತ್ವದಲ್ಲೇ ಕೆಲಸ ಮಾಡುತ್ತವೆ: ನೀರು ಆವಿಯಾಗುತ್ತಾ ಒಳಗಿನದು ತಂಪಾಗುತ್ತದೆ. ಮುಂಬೈಯ ಜಿಗುಟು ಸೆಖೆಗಿಂತ ಮರುಭೂಮಿಯ ಒಣಗಾಳಿಯಲ್ಲಿ ಇವು ಚೆನ್ನಾಗಿ ತಣಿಯುತ್ತವೆ. ಇನ್ಸುಲಿನ್ನನ್ನು ಐಸ್‌ಗೆ ನೇರವಾಗಿ ತಾಗಿಸಬೇಡಿ, ಹೆಪ್ಪುಗಟ್ಟಿದರೂ ಕೆಡುತ್ತದೆ. ಕೆಟ್ಟ ಇನ್ಸುಲಿನ್ ನೋಡಲು ಒಳ್ಳೆಯದರಂತೆಯೇ ಇರಬಹುದು. ಕಾರಣವಿಲ್ಲದೆ ಸಕ್ಕರೆ ಏರುತ್ತಾ ಹೋದರೆ ಹೊಸ ಪೆನ್ ತೆಗೆಯಿರಿ. ಅದಕ್ಕಾಗಿಯೇ ಎರಡು ಪೆನ್‌ಗಳನ್ನು ಎರಡು ಬೇರೆ ಚೀಲಗಳಲ್ಲಿ ಇಟ್ಟಿರಬೇಕು.

ಮೀಟರ್‌ಗಳು ಮತ್ತು ಸ್ಟ್ರಿಪ್‌ಗಳೂ ಬಿಸಿಗೆ ಸೋಲುತ್ತವೆ. 40 ಡಿಗ್ರಿ ದಾಟಿದರೆ ಅನೇಕ ಮೀಟರ್‌ಗಳು ಎರರ್ ತೋರಿಸುತ್ತವೆ. ತೋಳಿನ ಸೆನ್ಸರ್ ಹೇಳುವ ಅಂಕಿ ರಕ್ತಕ್ಕಿಂತ 5ರಿಂದ 15 ನಿಮಿಷ ಹಿಂದಿರುತ್ತದೆ. ಸಕ್ಕರೆ ವೇಗವಾಗಿ ಇಳಿಯುವಾಗ ಪರದೆಯಲ್ಲಿ 95 ಎಂದಿದ್ದು ಬಾಣ ಕೆಳಗೆ ತೋರಿಸುತ್ತಿದ್ದರೆ, ರಕ್ತದಲ್ಲಿ ಆಗಲೇ 70 ಇರಬಹುದು. ಬಾಣ ನೋಡಿ, ಅಂಕಿಯನ್ನಷ್ಟೇ ಅಲ್ಲ.

ಯಾವ ದಿನ ಹೊರಡಬಾರದು?

ಹಿಂದಿನ 24 ಗಂಟೆಯಲ್ಲಿ ಬೇರೆಯವರ ನೆರವು ಬೇಕಾಗುವಷ್ಟು ಲೋ ಶುಗರ್ ಆಗಿದ್ದರೆ ಅಂದು ಸೈಕಲ್ ಹತ್ತಬೇಡಿ. ಮುಂದಿನ ಲೋ ಶುಗರ್‌ಗೆ ದೇಹ ಕೊಡಬೇಕಾದ ಎಚ್ಚರಿಕೆ ಮಂದವಾಗಿರುತ್ತದೆ. ಬೆಳಗ್ಗೆ ಸಕ್ಕರೆ 270 ಮೀರಿದ್ದರೆ ಕೀಟೋನ್ ನೋಡಿ. ರಕ್ತದ ಕೀಟೋನ್ 1.5 ಅಥವಾ ಹೆಚ್ಚಿದ್ದರೆ ಸವಾರಿ ರದ್ದು, ವೈದ್ಯರಿಗೆ ಫೋನ್. ಹೊರಡುವಾಗ 126ರಿಂದ 180ರ ನಡುವೆ ಇರುವುದು ಹೆಚ್ಚಿನವರಿಗೆ ಒಳ್ಳೆಯದು. 90ಕ್ಕಿಂತ ಕಡಿಮೆ ಇದ್ದರೆ ಮೊದಲು 10ರಿಂದ 20 ಗ್ರಾಂ ಗ್ಲೂಕೋಸ್ ತಿಂದು, ಏರಿದ ಮೇಲೆ ಹೊರಡಿ. ದಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುತ್ತದೆ. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು ಇರುತ್ತದೆ.

ಟೈಪ್ 2 ಇರುವವರಿಗೆ ಒಂದೆರಡು ಮಾತು

ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೂ ಲೋ ಶುಗರ್ ಆಗಬಹುದು. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಕೂಡ ಇದ್ದರೆ ಆಗ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆಯ ಜೊತೆ ನೀರನ್ನೂ ಹೊರಹಾಕುತ್ತವೆ. ಬಿಸಿಲು, ದಣಿವು ಸೇರಿದರೆ ಸಕ್ಕರೆ ಹೆಚ್ಚಿರದೆಯೂ ಕೀಟೋನ್ ಏರುವ ಅಪಾಯವಿದೆ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದವರದೂ ಇದೇ ಚಿಂತೆ. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕೆಂದು ಹೋಗುವ ಕೆಲವು ವಾರ ಮೊದಲೇ ವೈದ್ಯರಲ್ಲಿ ಕೇಳಿ. ಪಾದದ ಸ್ಪರ್ಶ ಕಡಿಮೆಯಾಗಿರುವವರು ಪ್ರತಿ ತಂಗುದಾಣದಲ್ಲೂ ಶೂ ಬಿಚ್ಚಿ ಬೊಬ್ಬೆ ನೋಡಿಕೊಳ್ಳಬೇಕು.

ಜೊತೆಗಾರರು, ಮನೆಯವರು ಮಾಡಬೇಕಾದದ್ದು

ಗುಂಪಿನಲ್ಲಿ ಕನಿಷ್ಠ ಇಬ್ಬರಿಗೆ ನಿಮ್ಮ ಕಾಯಿಲೆಯ ವಿಷಯ ಗೊತ್ತಿರಲಿ. ಗ್ಲೂಕೋಸ್ ಯಾವ ಜೇಬಿನಲ್ಲಿದೆ, ಮೀಟರ್ ಎಲ್ಲಿದೆ ಎಂದು ಕೈಯಾರೆ ತೋರಿಸಿ. ನಮ್ಮಲ್ಲಿ ಮದುವೆಯಾಗದ ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ ಮಧುಮೇಹವನ್ನು ಹೊರಗಿನವರಿಂದ ಮುಚ್ಚಿಡುವ ಮನೆಗಳು ಇನ್ನೂ ಇವೆ. ಆ ಗುಟ್ಟನ್ನು ಮರುಭೂಮಿಗೆ ಒಯ್ಯಬೇಡಿ. "ನಾನು ಚೆನ್ನಾಗಿದ್ದೇನೆ, ಬಿಡಿ" ಎಂದು ಸವಾರರು ಸಿಡುಕಿದರೂ ಸಕ್ಕರೆ ನೋಡುವ ಅಧಿಕಾರ ಜೊತೆಗಾರರಿಗಿದೆ ಎಂದು ಮೊದಲೇ ಒಪ್ಪಂದ ಮಾಡಿಕೊಂಡಿರಿ. ಆ ಸಿಡುಕೇ ಲೋ ಶುಗರ್‌ನ ಗುರುತಾಗಿರಬಹುದು.

ಸವಾರಿ ಮುಗಿದ ರಾತ್ರಿಯನ್ನು ಹೆಚ್ಚಿನವರು ಮರೆಯುತ್ತಾರೆ. ಖಾಲಿಯಾದ ಸ್ನಾಯುಗಳು ಮುಂದಿನ 24 ಗಂಟೆಯವರೆಗೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತವೆ. ಸಂಜೆ ಮದ್ಯ ಸೇವಿಸಿದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಯಕೃತ್ತು ಸಕ್ಕರೆ ಬಿಡುಗಡೆ ಮಾಡುವುದನ್ನು ಅದು ತಡೆಯುತ್ತದೆ. ಮಲಗುವ ಮುನ್ನ ಸಕ್ಕರೆ ನೋಡಿ, ರಾತ್ರಿಯ ಇನ್ಸುಲಿನ್ ಬಗ್ಗೆ ವೈದ್ಯರು ಹೇಳಿದ್ದನ್ನು ಪಾಲಿಸಿ. ಟೆಂಟ್‌ನಲ್ಲಿ ಒಬ್ಬರೇ ಮಲಗಬೇಡಿ. ನಡುರಾತ್ರಿ 2 ಅಥವಾ 3 ಗಂಟೆಗೆ ಅಲಾರಂ ಇಟ್ಟು ಇನ್ನೊಮ್ಮೆ ನೋಡಿ. ಸೆನ್ಸರ್ ಇದ್ದರೆ ಅದರ ಎಚ್ಚರಿಕೆ ಮನೆಯವರ ಫೋನಿಗೂ ಬರುವಂತೆ ಮಾಡಬಹುದು, ಆದರೆ ಮರುಭೂಮಿಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಅದು ತಲುಪುವುದಿಲ್ಲ. ಪಕ್ಕದಲ್ಲಿ ಮಲಗಿದವರ ಅಲಾರಂ ಆಗಲೂ ಹೊಡೆದುಕೊಳ್ಳುತ್ತದೆ.